ಅಪ್ಪಯ್ಯನ ಅಡಿಕೆ ಪಟ್ಟಿ ತೋರ್ಸಿ ಅಮೆರಿಕದಲ್ಲಿ ಡಿಗ್ರಿ ಓದಿದ್ದು

ಊರಿಗೆ ಹೋದಾಗ್ಲೆಲ್ಲ ಎದುರಿಗೆ ಸಿಕ್ಕೋರು ಕೇಳೋದು ಒಂದೇ, "ಲೋನ್ ಎಷ್ಟಾಯ್ತು?" ಅಂತ. ಲೋನ್ ಮಾಡಿಲ್ಲ ಅಂದ್ರೆ "ಹಂಗಾರೆ ರ‍್ಯಾಂಕ್ ಬಂದಿತ್ತಾ?" ಅಂತಾರೆ. ಪಿಯುಸಿಲಿ ನಂಗೆ ಒಳ್ಳೆ ಮಾರ್ಕ್ಸೇ ಬಂದಿತ್ತು, ಆದ್ರೆ ನನ್ನ ಫೀಸು ಹೋಗಿದ್ದು ಮಾರ್ಕ್ಸ್ ಕಾರ್ಡ್ ನೋಡಿ ಕೊಟ್ಟ ದುಡ್ಡಿಂದಲ್ಲ. ಸಾಗರ ತಾಲ್ಲೂಕಿನ ತೋಟದ ಮನೆಯಿಂದ ಹೊರಟ ನಾನು 2022ರ ಆಗಸ್ಟಲ್ಲಿ ಓಹಾಯೋ ರಾಜ್ಯದ ಒಂದು ಸಣ್ಣ ಕಾಲೇಜಿಗೆ ಡಿಗ್ರಿಗೆ ಸೇರಿದೆ. ವರ್ಷದ ಖರ್ಚು 76 ಸಾವಿರ ಡಾಲರ್, ಅದ್ರಲ್ಲಿ ನಮ್ಮನೆಯಿಂದ ಕಟ್ಟಿ ಅಂದಿದ್ದು 2,500 ಡಾಲರ್. ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಕಾಲೇಜಿನ ನೀಡ್-ಬೇಸ್ಡ್ ಏಡ್. ಅಂದ್ರೆ ನಿಮ್ಮನೆಯವ್ರ ಕೈಲಿ ಎಷ್ಟು ಕಟ್ಟಕ್ಕಾಗತ್ತೆ ಅಂತ ಅವ್ರೇ ಲೆಕ್ಕ ಹಾಕಿ, ಬಾಕಿದನ್ನ ಅವ್ರೇ ಹಾಕ್ಕೊಳೋದು. ಸೀಟು ಸಿಗೋದು ಕಷ್ಟನೇ, ಒಪ್ಕೋತೀನಿ, ಆದ್ರೆ ನಮ್ಮಂಥ ತೋಟದ ಮನೆಯವ್ರಿಗೆ ಮನೆ ಲೆಕ್ಕನ ಕಾಗದದ ಮೇಲೆ ತರೋದಿದ್ಯಲ್ಲ, ಅದು ಸೀಟಿಗಿಂತ ದೊಡ್ಡ ಕೆಲಸ. ಆ ಕೆಲಸ ಹೆಂಗೆ ಮಾಡಿದ್ವಿ ಅಂತ ಪೂರ್ತಿ ಬರೀತಿದೀನಿ, ಯಾಕಂದ್ರೆ ನಂಗೆ ಬೇಕಾದಾಗ ಕನ್ನಡದಲ್ಲಿ ಇದನ್ನ ಹೇಳೋರು ಒಬ್ರೂ ಸಿಗ್ಲಿಲ್ಲ.

ಮೊದ್ಲು ನಾವೂ ಎಲ್ಲರ ಥರ ಬ್ಯಾಂಕಿಗೇ ಹೋಗಿದ್ವಿ. ಏಳೂವರೆ ಲಕ್ಷದ ಮೇಲೆ ಎಜುಕೇಷನ್ ಲೋನ್ ಬೇಕು ಅಂದ್ರೆ ಆಸ್ತಿ ಅಡ ಇಡಬೇಕು, ನಮ್ಮತ್ರ ಇರೋ ಆಸ್ತಿ ಅಂದ್ರೆ ತೋಟ, ಕೃಷಿ ಜಮೀನಿಗೆ ಬ್ಯಾಂಕುಗಳು ಸಾಲ ವಸೂಲಿಗೆ ಬಳಸೋ ಸರ್ಫೇಸಿ ಕಾಯ್ದೆ ಬರಲ್ಲ, ಸಾಲ ತೀರ್ದೆ ಹೋದ್ರೆ ಬ್ಯಾಂಕಿಗೆ ಅದನ್ನ ಸುಲಭಕ್ಕೆ ವಸೂಲಿ ಮಾಡ್ಕೊಳಕ್ಕಾಗಲ್ಲ, ಹಂಗಾಗಿ ಸೈಟು ಅಥವಾ ಕನ್ವರ್ಷನ್ ಆದ ಜಾಗ ಇದ್ರೆ ತನ್ನಿ ಅಂದ್ರು. ಅದು ನಮ್ಮತ್ರ ಇಲ್ಲ. ಟ್ರಸ್ಟುಗಳ ಸ್ಕಾಲರ್‌ಶಿಪ್ ಹುಡುಕಿದ್ರೆ ಅಲ್ಲಿ ಬೇರೆ ತೊಡಕು. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಇದೆ, ನಮ್ಮ ತುಮಕೂರಿನ ಅಣುವಿಜ್ಞಾನಿ ರಾಜಾ ರಾಮಣ್ಣ ಅವ್ರು ಲಂಡನ್ನಿಗೆ ಓದಕ್ಕೆ ಹೋಗಿದ್ದು ಟಾಟಾ ಸ್ಕಾಲರ್ ಆಗಿ, ರಾಷ್ಟ್ರಪತಿ ಆಗಿದ್ದ ಕೆ.ಆರ್. ನಾರಾಯಣನ್ ಅವ್ರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋಗಿದ್ದೂ ಹಂಗೇ. ಆದ್ರೆ ಅದು ಡಿಗ್ರಿ ಮುಗ್ಸಿದೋರಿಗೆ. ಕೆ.ಸಿ. ಮಹೀಂದ್ರಾ, ಇನ್‌ಲ್ಯಾಕ್ಸ್, ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ಇವೆಲ್ಲ ಮಾಸ್ಟರ್ಸ್, ಪಿಎಚ್‌ಡಿಗೆ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಅರ್ಹತೆ ಇರೋರು ದಯವಿಟ್ಟು ಅದನ್ನ ಮೊದ್ಲು ನೋಡಿ. ಪಿಯುಸಿ ಮುಗ್ಸಿ ನೇರ ಹೊರಗಡೆ ಹೋಗ್ತೀನಿ ಅನ್ನೋ ನನ್ನಂಥೋರಿಗೆ ಉಳಿಯೋ ದೊಡ್ಡ ದಾರಿ ಅಂದ್ರೆ ಅಮೆರಿಕದ ಕಾಲೇಜುಗಳು ತಾವೇ ಕೊಡೋ ಏಡ್.

ಎಲ್ಲಾ ಕಾಲೇಜೂ ಕೊಡಲ್ಲ. ಕೊಡೋದ್ರಲ್ಲೂ ಎರಡು ಥರ ಇದೆ. ನೀವು ದುಡ್ಡು ಕೇಳಿದೀರಾ ಇಲ್ವಾ ಅಂತ ನೋಡದೇನೆ ಸೀಟು ತೀರ್ಮಾನ ಮಾಡೋವು ನೀಡ್-ಬ್ಲೈಂಡ್, ಅದನ್ನೂ ನೋಡಿ ತೀರ್ಮಾನ ಮಾಡೋವು ನೀಡ್-ಅವೇರ್. ನಾನು 2021ರಲ್ಲಿ ಪಟ್ಟಿ ಮಾಡೋವಾಗ ಹೊರದೇಶದೋರಿಗೆ ನೀಡ್-ಬ್ಲೈಂಡ್ ಇದ್ದಿದ್ದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಇಷ್ಟೇ. ಆಮೇಲೆ ಡಾರ್ಟ್‌ಮತ್, ಬೌಡನ್, ನಾಟರ್ ಡೇಮ್, ಬ್ರೌನ್ ಸೇರ್ಕೊಂಡಿದಾವೆ. ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಹಾರ್ವರ್ಡ್, ಯೇಲ್ ಥರದ ಐವಿ ಲೀಗ್ ಕಾಲೇಜುಗಳಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಅನ್ನೋದೇ ಇಲ್ಲ, ಕೊಡೋದೆಲ್ಲ ಮನೆ ಪರಿಸ್ಥಿತಿ ನೋಡಿನೇ. ಕಾರ್ನೆಲ್‌ನಲ್ಲಿ ಭಾರತದೋರಿಗೆ ಅಂತಲೇ ಇರೋ ಟಾಟಾ ಸ್ಕಾಲರ್‌ಶಿಪ್ ಕೂಡ, 2008ರಲ್ಲಿ ಟಾಟಾದವ್ರು ಎರಡೂವರೆ ಕೋಟಿ ಡಾಲರ್ ಇಟ್ಟು ಮಾಡಿದ್ದು, ಅದೂ ನೀಡ್ ನೋಡೇ ಕೊಡೋದು.

ಉಳಿದ ಕಾಲೇಜುಗಳಲ್ಲಿ ಯಾವ್ದು ನಿಜವಾಗ್ಲೂ ಹೊರದೇಶದೋರಿಗೆ ದುಡ್ಡು ಕೊಡತ್ತೆ ಅಂತ ಕಂಡ್ಹಿಡಿಯೋಕೆ ಒಂದು ದಾರಿ ಇದೆ, ನಂಗೆ ಇದೇ ಬಹಳ ಉಪಯೋಗಕ್ಕೆ ಬಂದಿದ್ದು. ಬಹಳಷ್ಟು ಕಾಲೇಜುಗಳು ವರ್ಷಾ ವರ್ಷಾ ಕಾಮನ್ ಡೇಟಾ ಸೆಟ್ ಅಂತ ಒಂದು ಪಿಡಿಎಫ್ ಹಾಕ್ತಾವೆ. ಅದ್ರಲ್ಲಿ ಎಚ್6 ಅಂತ ಒಂದು ಕಲಂ ಇದೆ, ಹೊರದೇಶದ ಎಷ್ಟು ಜನಕ್ಕೆ ಏಡ್ ಕೊಟ್ವಿ, ಸರಾಸರಿ ಎಷ್ಟು ಡಾಲರ್ ಕೊಟ್ವಿ ಅಂತ ಅಲ್ಲೇ ಇರತ್ತೆ. ಬ್ರೋಷರಲ್ಲಿ ಏನೇ ಬರ್ದಿರ್ಲಿ, ಎಚ್6ಲ್ಲಿ ಸರಾಸರಿ 15 ಸಾವಿರ ಡಾಲರ್ ಅಂತಿದ್ರೆ ಆ ಕಾಲೇಜು ನಮ್ಮನೆಗೆ ಆಗಲ್ಲ ಅಂತ ಅಲ್ಲೇ ತೀರ್ಮಾನ. ಸರಾಸರಿ 60 ಸಾವಿರದ ಮೇಲಿರೋವನ್ನ ಮಾತ್ರ ಇಟ್ಕೊಂಡೆ, ಅವು ಬಹುಪಾಲು ಹೆಸರೇ ಕೇಳಿರದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು, ಅಂದ್ರೆ ವಿಜ್ಞಾನ, ಕಲೆ ಎಲ್ಲ ಸೇರ್ಸಿ ಡಿಗ್ರಿ ಕಲಿಸೋವು. ಶಿವಮೊಗ್ಗದಲ್ಲಿ ನಾವು ಹೋಗಿದ್ದ ಕನ್ಸಲ್ಟೆನ್ಸಿಯವ್ರು ಈ ಒಂದು ಹೆಸರನ್ನೂ ಹೇಳಿರ್ಲಿಲ್ಲ. ಅವ್ರಿಗೆ ಕಮಿಷನ್ ಬರೋದು ಬೇರೆ ಯೂನಿವರ್ಸಿಟಿಗಳಿಂದ, ಅಲ್ಲಿಗೆ ಕಳಿಸಕ್ಕೆ ನೋಡಿದ್ರು. ಅದ್ರ ಬದಲು ಎಜುಕೇಷನ್‌ಯುಎಸ್‌ಎ ಅಂತ ಅಮೆರಿಕ ಸರ್ಕಾರದ್ದೇ ಸಲಹಾ ಕೇಂದ್ರ ಇದೆ, ಬೆಂಗಳೂರಲ್ಲಿ ಯಶ್ನಾ ಟ್ರಸ್ಟ್ ಅದನ್ನ ನಡ್ಸತ್ತೆ, ಅವ್ರ ಆನ್‌ಲೈನ್ ಸೆಷನ್ ಕೇಳಿದ್ಮೇಲೆ ನಂಗೆ ಈ ದಾರಿ ಅರ್ಥ ಆಗಿದ್ದು.

ಅಪ್ಲಿಕೇಷನ್ ವಿಷಯ ಬೇಗ ಮುಗಿಸ್ತೀನಿ. ಹಲವು ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕೋ ಕಾಮನ್ ಆ್ಯಪ್ ಅನ್ನೋ ವೆಬ್‌ಸೈಟಲ್ಲಿ ಕೌನ್ಸಿಲರ್ ಅಂತ ಒಬ್ರು ಬೇಕು, ನಮ್ಮ ಪಿಯು ಕಾಲೇಜಲ್ಲಿ ಆ ಹುದ್ದೆನೇ ಇಲ್ಲ, ಪ್ರಿನ್ಸಿಪಾಲರೇ ಆ ಜಾಗಕ್ಕೆ ಬಂದ್ರು. ಫಿಸಿಕ್ಸ್ ಮೇಷ್ಟ್ರು ರೆಕಮೆಂಡೇಷನ್ ಬರೀಬೇಕು ಅಂದಾಗ ಒಂದಿನ ಭಾನುವಾರ ಅವ್ರ ಮನೆಗೇ ಕರ್ಸಿ, ನಾನು ಲ್ಯಾಬಲ್ಲಿ ಏನೇನು ಮಾಡಿದ್ದೆ ಅಂತೆಲ್ಲ ನೆನಪು ಮಾಡ್ಕೊಂಡು ಎರಡು ಪುಟ ಬರೆದ್ರು. ಅಷ್ಟು ಶ್ರದ್ಧೆಯಿಂದ ನನ್ನ ಬಗ್ಗೆ ಯಾರೂ ಬರ್ದಿರ್ಲಿಲ್ಲ. ಆಗ ಕೋವಿಡ್ ಕಾಲ, ಬಹಳ ಕಾಲೇಜುಗಳು ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಇಲ್ದಿದ್ರೂ ನಡೆಯತ್ತೆ ಅಂದಿದ್ವು, ಇಂಗ್ಲಿಷಿಗೆ ಡುಯೋಲಿಂಗೋ ಟೆಸ್ಟ್ 49 ಡಾಲರ್ ಕೊಟ್ಟು ಮನೆಲೇ ಕೂತು ಬರೆದೆ, ಕರೆಂಟ್ ಹೋಗ್ಬಾರ್ದು ಅಂತ ಅಮ್ಮ ಬೆಳಿಗ್ಗೆಯಿಂದ ದೇವ್ರಿಗೆ ದೀಪ ಹಚ್ಚಿಟ್ಟಿದ್ರು. ಅಪ್ಲಿಕೇಷನ್ ಫೀಸನ್ನ ಫೀ ವೇವರ್ ಕೇಳಿ ಬಿಡ್ಸಿಕೊಳ್ಬಹುದು, ಪ್ರಿನ್ಸಿಪಾಲರು ಕಷ್ಟ ಇದೆ ಅಂತ ದೃಢೀಕರಿಸಿದ್ರೆ ಬಹಳ ಕಡೆ ನಡೆಯತ್ತೆ.

ಈಗ ಮುಖ್ಯ ವಿಷಯ, ಸಿಎಸ್ಎಸ್ ಪ್ರೊಫೈಲ್. ಏಡ್ ಕೇಳೋಕೆ ಮನೆ ಲೆಕ್ಕ ತುಂಬೋ ಆನ್‌ಲೈನ್ ಫಾರಂ ಇದು, ಎಸ್‌ಎಟಿ ನಡ್ಸೋ ಕಾಲೇಜ್ ಬೋರ್ಡ್‌ನವ್ರದ್ದು, ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಓಪನ್ ಆಗತ್ತೆ. ಮೊದಲನೇ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16 ಡಾಲರ್. ಆ ದುಡ್ಡೂ ಕಷ್ಟ ಅಂದ್ರೆ ಕಾಲೇಜಿನ ಏಡ್ ಆಫೀಸಿಗೆ ಮೇಲ್ ಹಾಕಿ, ಕೆಲವರು ವೇವರ್ ಕೋಡ್ ಕಳಿಸ್ತಾರೆ, ಇನ್ನು ಕೆಲವರು ಅದ್ರ ಬದಲು ಐಎಸ್‌ಎಫ್‌ಎಎ ಅಂತ ದುಡ್ಡಿಲ್ಲದ ಪಿಡಿಎಫ್ ಫಾರಂ ತಗೋತಾರೆ. ಲೆಕ್ಕ ರೂಪಾಯಲ್ಲೇ ತುಂಬಬಹುದು, ಡಾಲರಿಗೆ ತಿರುಗಿಸೋ ಕೆಲಸ ಅವರದ್ದು.

ಈ ಫಾರಂ ಪೂರ್ತಿ ಸಂಬಳ ತಗೊಳೋರಿಗೆ ಅಂತ ಮಾಡಿದ್ದು. ತಂದೆಯ ಎಂಪ್ಲಾಯರ್ ಯಾರು, ಟ್ಯಾಕ್ಸ್ ರಿಟರ್ನ್ ಎಲ್ಲಿ, ಸಂಬಳದ ಚೀಟಿ ಎಲ್ಲಿ. ಬೆಂಗಳೂರಲ್ಲಿ ಐಟಿ ಕೆಲಸದಲ್ಲಿರೋ ಅಪ್ಪ ಅಮ್ಮ ಆದ್ರೆ ಕಂಪನಿ ಕೊಡೋ ಸಂಬಳ-ತೆರಿಗೆ ಪತ್ರ ಫಾರಂ 16 ಹಾಕಿದ್ರೆ ಅರ್ಧ ಕೆಲಸ ಮುಗೀತು. ಕೃಷಿ ಆದಾಯಕ್ಕೆ ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆಗಿದ್ದ 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ ಸೆಕ್ಷನ್ 10(1)ರಲ್ಲೇ ಇತ್ತು, ಹಂಗಾಗಿ ಅಪ್ಪಯ್ಯ ಹುಟ್ಟಿದಾಗಿಂದ ರಿಟರ್ನ್ ಹಾಕಿದೋರಲ್ಲ. ಅದನ್ನ ನೇರವಾಗಿ ಹೇಳಕ್ಕೆ ನಾನ್-ಟ್ಯಾಕ್ಸ್-ಫೈಲರ್ ಸ್ಟೇಟ್‌ಮೆಂಟ್ ಅಂತ ಒಂದಿದೆ, ಜೊತೆಗೆ ನಾನು ಆ ಸೆಕ್ಷನ್ ಏನು ಹೇಳತ್ತೆ ಅಂತ ನಾಲ್ಕು ಸಾಲು ಬರ್ದು ಲಗತ್ತಿಸಿದೆ. ಟ್ಯಾಕ್ಸ್ ಕಟ್ಟಿಲ್ಲ ಅಂದ್ರೆ ಆದಾಯ ಮುಚ್ಚಿಟ್ಟಿದಾರೆ ಅಂತ ಅಲ್ಲಿ ಕೂತೋರಿಗೆ ಅನ್ನಿಸ್ಬಾರ್ದಲ್ಲ.

ಹಂಗಾದ್ರೆ ಆದಾಯಕ್ಕೆ ಸಾಕ್ಷಿ ಏನು? ಅಡಿಕೆ ಪಟ್ಟಿ. ಸೊಸೈಟಿಗೆ ಅಡಿಕೆ ಹಾಕಿದಾಗ ಯಾವ ದರ್ಜೆ, ಎಷ್ಟು ಮೂಟೆ, ಕ್ವಿಂಟಾಲಿಗೆ ಯಾವ ರೇಟು, ಹಮಾಲಿ ಎಷ್ಟು ಹಿಡಿದ್ರು, ಸಾಲದ ಬಾಬ್ತು ಎಷ್ಟು ಮುರ್ಕೊಂಡ್ರು, ಕೈಗೆ ಎಷ್ಟು ಬಂತು, ಎಲ್ಲ ಒಂದೇ ಚೀಟಿಲಿರತ್ತೆ. ಅಪ್ಪಯ್ಯ ಅವನ್ನ ಜೋಪಾನವಾಗಿ ಇಟ್ಟಿದ್ರು, ಅಟ್ಟದ ಮೇಲೆ ಟ್ರಂಕಲ್ಲಿ ಹಳೆ ಪಂಚಾಂಗದ ಜೊತೆ ವರ್ಷವಾರು ಕಟ್ಟು ಕಟ್ಟಿ. ಆ ವರ್ಷ ರಾಶಿ (ಬೇಯ್ಸಿದ ಕೆಂಪಡಿಕೆ) ಮತ್ತೆ ಒಂದಷ್ಟು ಚಾಲಿ (ಒಣಗಿಸಿದ ಬಿಳಿ ಅಡಿಕೆ) ಸೇರಿ 15 ಕ್ವಿಂಟಾಲ್ ಆಸುಪಾಸು, ಕ್ವಿಂಟಾಲಿಗೆ 40 ಸಾವಿರದ ಹತ್ರ, ಒಟ್ಟು 5.9 ಲಕ್ಷ. ಕೇಳೋಕೆ ದೊಡ್ಡದು. ಅದ್ರಲ್ಲಿ ಮಳೆಗಾಲದಲ್ಲಿ ಕೊಳೆರೋಗ ಬರ್ದಿರ್ಲಿ ಅಂತ ಬೋರ್ಡೋ ದ್ರಾವಣ ಹೊಡ್ಸಿದ್ದು, ಅಡಿಕೆ ಕೊನೆ (ಗೊನೆ) ತೆಗೆಯೋರಿಗೆ, ಸುಲಿಯೋರಿಗೆ ಕೊಟ್ಟಿದ್ದು, ಗೊಬ್ಬರ, ಸೊಪ್ಪು, ಬೇಯ್ಸೋಕೆ ಕಟ್ಟಿಗೆ, ಎಲ್ಲ ಹೋದ್ರೆ 3.3 ಲಕ್ಷ ಉಳಿಯೋದು. ಇದನ್ನ ತೋರ್ಸೋದು ಕಷ್ಟ, ಯಾಕಂದ್ರೆ ಕೂಲಿಗೆ ಯಾರು ರಸೀದಿ ಕೊಡ್ತಾರೆ? ಅಪ್ಪಯ್ಯನ ಹತ್ರ ಒಂದು ಉದ್ದನೇ ನೋಟ್‌ಬುಕ್ ಇತ್ತು, ಯಾರು ಬಂದ್ರು, ಎಷ್ಟು ಆಳು, ಎಷ್ಟು ಕೊಟ್ಟೆ ಅಂತ ದಿನಾ ಬರ್ದಿದ್ದು. ಅದ್ರ ಪುಟ ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಇಂಗ್ಲಿಷಲ್ಲಿ ಬರ್ದು, ಪ್ರಿನ್ಸಿಪಾಲರ ಸಹಿ ಸೀಲು ಹಾಕ್ಸಿ ಕಳಿಸಿದ್ವಿ. ರೇಟು ನಾವು ಹೇಳಿದ್ದು ಸರಿ ಅಂತ ಗೊತ್ತಾಗ್ಲಿ ಅಂತ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿಂದ ಆ ತಿಂಗಳ ಸಾಗರ ಮಾರ್ಕೆಟ್ಟಿನ ರೇಟನ್ನೂ ಪ್ರಿಂಟ್ ತೆಗೆದು ಸೇರ್ಸಿದ್ವಿ.

ಎಲ್ಲಕ್ಕಿಂತ ಚೆನ್ನಾಗಿದ್ದ ಕಾಗದ ಅಂದ್ರೆ ಅಮ್ಮನ ಹಾಲಿನ ಡೈರಿ ಪುಸ್ತಕ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಘನಾಂಶ) ಎಷ್ಟು, ಬಟವಾಡೆ ಎಷ್ಟು, ಒಂದು ದಿನನೂ ತಪ್ಪದೆ ಡೈರಿ ಸೆಕ್ರೆಟರಿ ಕೈಬರಹದಲ್ಲಿ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬೇರೆ ನೇರ ಅಮ್ಮನ ಅಕೌಂಟಿಗೇ ಬರ್ತಿತ್ತು, ಹಂಗಾಗಿ ಪಾಸ್‌ಬುಕ್ಕೂ ಡೈರಿ ಪುಸ್ತಕನೂ ಸಾಲು ಸಾಲಿಗೆ ತಾಳೆ ಆಗ್ತಿತ್ತು. ಹಿಂಡಿ, ಹುಲ್ಲಿನ ಖರ್ಚು ಕಳೆದ್ರೆ ವರ್ಷಕ್ಕೆ ಉಳಿಯೋದು 60 ಸಾವಿರ. ಮನೆಲಿ ಎಲ್ಲರೂ "ಹಾಲಿನ ದುಡ್ಡು ಖರ್ಚಿಗಾಯ್ತು" ಅಂತ ಲೆಕ್ಕಕ್ಕೇ ತಗೊಳ್ದೆ ಇದ್ದ ದುಡ್ಡದು. ಫಾರಂನಲ್ಲಿ ತಾಯಿಯ ಆದಾಯ ಅನ್ನೋ ಕಾಲಂಗೆ ಆ ಅಂಕಿ ಟೈಪ್ ಮಾಡೋವಾಗ ಅಮ್ಮ ಪಕ್ಕದಲ್ಲೇ ನಿಂತು ನೋಡ್ತಿದ್ರು, "ನಂದೂ ಬರೀತಾರಾ ಅದ್ರಲ್ಲಿ?" ಅಂದ್ರು.

ಅಪ್ಪಯ್ಯನಿಗೆ ಇದೆಲ್ಲ ಮೊದಮೊದ್ಲು ಸರಿ ಬರ್ಲಿಲ್ಲ. "ನಮ್ಮನೆ ಸಾಲ ಸೋಲ ಎಲ್ಲ ಅವ್ರಿಗೆ ಎಂತಕ್ಕೆ ಬೇಕಂತೆ ಪುಟ್ಟಿ?" ಅಂತ ಕೇಳಿದ್ರು, ಸಿಟ್ಟಿಂದಲ್ಲ, ಸಂಕೋಚದಿಂದ. ಸಾಲ ಹೇಳಿದ್ರೇನೇ ನಮ್ಮ ಕೈಲಿ ಎಷ್ಟಾಗತ್ತೆ ಅಂತ ಅವ್ರಿಗೆ ಗೊತ್ತಾಗೋದು ಅಂತ ಹೇಳ್ದೆ. ದೊಡ್ಡಪ್ಪ ಬಂದೋರು ನಾಡಕಚೇರಿಯ ಆದಾಯ ಪ್ರಮಾಣಪತ್ರ ಇದ್ಯಲ್ಲ, ಅದ್ರಲ್ಲಿ ಕಮ್ಮಿ ಇದೆ, ಅಷ್ಟೇ ತೋರ್ಸಿ ಅಂದ್ರು. ಅಪ್ಪಯ್ಯ ಒಪ್ಪಲಿಲ್ಲ, "ಪಟ್ಟಿಲಿ ಎಷ್ಟಿದ್ಯೋ ಅಷ್ಟೇ ಬರಿ" ಅಂದ್ರು. ಅದು ಸರಿಯಾದ ಮಾತು ಅಂತ ನಾನು ಈಗ್ಲೂ ಹೇಳ್ತೀನಿ. ಒಂದು ಕಾಗದದಲ್ಲಿ ಒಂದು ಅಂಕಿ, ಪಾಸ್‌ಬುಕ್ಕಲ್ಲಿ ಇನ್ನೊಂದು ಅಂಕಿ ಇದ್ರೆ ಏಡ್ ಆಫೀಸಿನವ್ರು ಮೊದ್ಲು ಕೇಳೋದೇ ಅದನ್ನ. ನಾವು ಆದಾಯ ಪ್ರಮಾಣಪತ್ರನೂ ಕಳಿಸಿದ್ವಿ, ಅದು ಯಾವ ಉದ್ದೇಶಕ್ಕೆ ಕೊಡೋದು, ಅದ್ರಲ್ಲಿ ಯಾಕೆ ಅಂದಾಜು ಅಂಕಿ ಇರತ್ತೆ ಅಂತ ಬರ್ದು, ನಿಜವಾದ ಲೆಕ್ಕ ಈ ಪಟ್ಟಿಗಳಲ್ಲಿದೆ ಅಂತ ಹೇಳಿದ್ವಿ.

ಇನ್ನು ಆಸ್ತಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಮೂರು ಜನ ಮಕ್ಕಳು, ಬಾಯಲ್ಲಿ ಪಾಲಾಗಿದೆ, ಕಾಗದದಲ್ಲಿ ಆಗಿಲ್ಲ, ನಾವು ಸಾಗುವಳಿ ಮಾಡೋದು ಎರಡೆಕರೆ. ಈ ಫಾರಂಗೆ ಜಾಯಿಂಟ್ ಫ್ಯಾಮಿಲಿ ಅನ್ನೋದು ಗೊತ್ತಿಲ್ಲ. ವಂಶವೃಕ್ಷ ಮಾಡ್ಸಿ, ಪಹಣಿ ಜೊತೆ ಇಟ್ಟು, ಸಬ್‌ರಿಜಿಸ್ಟ್ರಾರ್ ಆಫೀಸಿನ ಗೈಡೆನ್ಸ್ ವ್ಯಾಲ್ಯೂ ಪ್ರಕಾರ ನಮ್ಮ ಪಾಲಿನ ಬೆಲೆ ಇಷ್ಟು, ಆದ್ರೆ ಒಬ್ರೇ ಮಾರಕ್ಕಾಗಲ್ಲ, ಇದೇ ನಮ್ಮ ಜೀವನಾಧಾರ ಅಂತ ವಿವರಣೆ ಕಾಲಂನಲ್ಲಿ ಬರೆದ್ವಿ. ಅಲ್ಲಿ ಅಕ್ಷರಕ್ಕೂ ಮಿತಿ ಇದೆ, ಸುಮ್ನೆ ಕಷ್ಟ ಹೇಳ್ಕೊಳಕ್ಕೆ ಜಾಗ ಇಲ್ಲ, ಅಂಕಿ ಮಾತ್ರ. ಸೊಸೈಟಿ ಬೆಳೆಸಾಲ ಸೊನ್ನೆ ಬಡ್ಡಿದೇ ಆದ್ರೂ ಅದು ಸಾಲನೇ, ಮಂಡಿಲಿ ತಗೊಂಡ ಮುಂಗಡನೂ ಸಾಲನೇ, ಎರಡನ್ನೂ ಹಾಕಿ. ವರ್ಷದ ಲೆಕ್ಕನೂ ಗೋಜಲು. ಅವ್ರು ಕೇಳೋದು ಜನವರಿಯಿಂದ ಡಿಸೆಂಬರ್, ಅದೂ ಎರಡು ವರ್ಷ ಹಿಂದಿಂದು, ನಂಗೆ 2020ರದ್ದು ಕೇಳಿದ್ರು. ನಮ್ದು ಏಪ್ರಿಲ್‌ನಿಂದ ಮಾರ್ಚ್, ಅಡಿಕೆದಂತೂ ಕೊಯ್ಲು ಒಂದು ವರ್ಷ, ಮಾರೋದು ಇನ್ನೊಂದು ವರ್ಷ. ಯಾವ ತಿಂಗಳಿಂದ ಯಾವ ತಿಂಗಳದ್ದು ಹಾಕಿದೀವಿ ಅಂತ ಸ್ಪಷ್ಟವಾಗಿ ಬರ್ದು ಎಲ್ಲಾ ಕಡೆ ಅದೇ ಪ್ರಕಾರ ತುಂಬಿದ್ವಿ. 2021ರಲ್ಲಿ ರೇಟು ಏರಿತ್ತು, ಅದನ್ನೂ ಅಂದಾಜು ಆದಾಯದ ಕಾಲಂನಲ್ಲಿ ಹೇಳಿದ್ವಿ.

ಮಾರ್ಚ್ ಕೊನೆಲಿ ರಿಸಲ್ಟ್ ಬಂತು. ಸುಮಾರು ಕಡೆ ಇಲ್ಲ ಅಂದ್ರು. ಒಂದು ಕಾಲೇಜು ಸೀಟು ಕೊಟ್ಟು ಏಡ್ ಒಂದು ಡಾಲರೂ ಕೊಡ್ಲಿಲ್ಲ, ಇನ್ನೊಂದು ಕೊಟ್ರೂ ವರ್ಷಕ್ಕೆ 20 ಸಾವಿರ ಡಾಲರ್ ನಾವೇ ಹೊಂದಿಸ್ಬೇಕಿತ್ತು, ಅದು ನಮ್ಮ ಮಟ್ಟಿಗೆ ಇಲ್ಲ ಅಂದಂಗೇ. ಓಹಾಯೋ ಕಾಲೇಜಿನ ಪತ್ರ ಹೀಗಿತ್ತು: ಟ್ಯೂಷನ್ ಮತ್ತೆ ಫೀಸು 58,500, ಹಾಸ್ಟೆಲ್ ಊಟ 13,500, ಹೆಲ್ತ್ ಇನ್ಶೂರೆನ್ಸ್ 2,000, ಪುಸ್ತಕ ಮತ್ತೆ ಕೈಖರ್ಚಿಗೆ 2,000. ಇದಕ್ಕೆ ಕಾಲೇಜಿನ ಗ್ರಾಂಟ್ 71,300, ಕ್ಯಾಂಪಸ್ಸಲ್ಲೇ ಕೆಲಸ ಮಾಡಿ ನಾನು ದುಡೀಬೇಕಾದ್ದು 2,200, ಮನೆಯಿಂದ 2,500. ಸಾಲ ಇಲ್ಲ. ಪತ್ರ ಬಂದಾಗ ನಮ್ಮಲ್ಲಿ ಬೆಳಗಿನ ಜಾವ, ಅಪ್ಪಯ್ಯನ ಎಬ್ಬಿಸಿ ಕೂರ್ಸಿ ಒಂದೊಂದು ಸಾಲೂ ಕನ್ನಡದಲ್ಲಿ ಹೇಳ್ದೆ. ಅವ್ರು 2,500ನ್ನ ರೂಪಾಯಿಗೆ ತಿರುಗಿಸಿ ಎರಡು ಲಕ್ಷದ ಹತ್ರ ಅಂದ್ಕೊಂಡು, ನಾಲ್ಕು ವರ್ಷ ಅಲ್ವಾ, ಚಾಲಿ ಇಟ್ಕೊಂಡು ರೇಟು ನೋಡಿ ಬಿಟ್ರೆ ಆಗತ್ತೆ ಅಂದ್ರು. ಖರ್ಚು ಕಳೆದು ನಮ್ಮನೆಗೆ ವರ್ಷಕ್ಕೆ ಉಳಿಯೋದ್ರಲ್ಲಿ ಹೆಚ್ಚುಕಮ್ಮಿ ಅರ್ಧ ಅದು, ಸುಲಭ ಏನಲ್ಲ, ಆದ್ರೂ ಆಗದೇ ಇರೋದೂ ಅಲ್ಲ.

ವೀಸಾ ಭಾಗ ಅಂದ್ಕೊಂಡಿದ್ದಕ್ಕಿಂತ ಸರಾಗ ಆಯ್ತು. ವೀಸಾಗೆ ಅಂತ ಕಾಲೇಜು ಕಳಿಸೋ ಐ-20 ಪತ್ರದಲ್ಲೇ ಕಾಲೇಜು ಎಷ್ಟು ಕೊಡತ್ತೆ, ಮನೆಯಿಂದ ಎಷ್ಟು ಅಂತ ಇರತ್ತೆ. ನಾವು ಬ್ಯಾಂಕಲ್ಲಿ ತೋರಿಸ್ಬೇಕಿದ್ದಿದ್ದು ನಮ್ಮ ಭಾಗ ಮಾತ್ರ, ಕೋಟಿಗಟ್ಟಲೆ ಬ್ಯಾಲೆನ್ಸ್ ಬೇಕು ಅನ್ನೋದು ಏಡ್ ಸಿಕ್ಕೋರಿಗೆ ಅಲ್ಲ. ಹೊರದೇಶದ ವಿದ್ಯಾರ್ಥಿಗಳ ದಾಖಲೆಗೆ ಅಮೆರಿಕ ಸರ್ಕಾರ ತಗೊಳೋ ಸೆವಿಸ್ ಫೀಸು 350 ಡಾಲರ್, ವೀಸಾ ಫೀಸು ಆಗ 160 ಡಾಲರ್, ಇವೆರಡೂ ನನ್ನ ಪ್ಯಾಕೇಜಲ್ಲಿ ಇರ್ಲಿಲ್ಲ, ವಿಮಾನದ ಟಿಕೆಟ್ ಕೂಡ ಇರ್ಲಿಲ್ಲ, ಇದನ್ನ ಬೇರೆಯಾಗಿ ಎತ್ತಿಡ್ಬೇಕು. ಇಂಟರ್‌ವ್ಯೂ ಚೆನ್ನೈಲಿ. ಆಫೀಸರ್ ಯಾರು ಫೀಸು ಕೊಡ್ತಾರೆ ಅಂದ್ರು, ಕಾಲೇಜು 71,300 ಕೊಡತ್ತೆ ಅಂದೆ, ತಂದೆ ಏನ್ಮಾಡ್ತಾರೆ ಅಂದ್ರು, ಅಡಿಕೆ ಬೆಳೀತಾರೆ ಅಂದೆ, ಅಷ್ಟೇ. ದುಡ್ಡು ಕಳ್ಸೋಕೆ ಮಾತ್ರ ನಮ್ಮೂರ ಬ್ರಾಂಚಲ್ಲಿ ಆಗ್ಲಿಲ್ಲ, ಎ2 ಫಾರಂ ತುಂಬಿ ಶಿವಮೊಗ್ಗದ ಬ್ರಾಂಚಿಂದ ಕಳಿಸಿದ್ವಿ. ಆಗ ವರ್ಷಕ್ಕೆ ಏಳು ಲಕ್ಷದ ಒಳಗಾದ್ರೆ ಟಿಸಿಎಸ್, ಅಂದ್ರೆ ದುಡ್ಡು ಕಳಿಸೋವಾಗ ಬ್ಯಾಂಕು ವಸೂಲಿ ಮಾಡೋ ತೆರಿಗೆ, ಇರ್ಲಿಲ್ಲ, ಈಗ ಆ ಮಿತಿ ಹತ್ತು ಲಕ್ಷ ಆಗಿದೆ.

ಅಲ್ಲಿಗೆ ಹೋದ್ಮೇಲೆ ಬಂದ ಒಂದು ಬಿಲ್ಲಿನ ಬಗ್ಗೆ ಹೇಳ್ಲೇಬೇಕು, ಇದನ್ನ ಇಲ್ಲಿಂದ ಹೋಗೋ ಮಕ್ಕಳಿಗೆ ಯಾರೂ ಮೊದಲೇ ಹೇಳಲ್ಲ. ಗ್ರಾಂಟಲ್ಲಿ ಟ್ಯೂಷನ್‌ಗೆ ಹೋಗೋ ಭಾಗಕ್ಕೆ ಅಮೆರಿಕದಲ್ಲಿ ಟ್ಯಾಕ್ಸ್ ಇಲ್ಲ. ಊಟ, ಹಾಸ್ಟೆಲ್, ಇನ್ಶೂರೆನ್ಸಿಗೆ ಹೋಗೋ ಭಾಗಕ್ಕೆ ಇದೆ, ಎಫ್-1 ಅನ್ನೋ ವಿದ್ಯಾರ್ಥಿ ವೀಸಾದೋರಿಗೆ ಕಾಲೇಜೇ 14 ಪರ್ಸೆಂಟ್ ಹಿಡ್ಕೊಂಡು ಸರ್ಕಾರಕ್ಕೆ ಕಟ್ಟಬೇಕು. ಗ್ರಾಂಟ್ ಆಗ್ಲೇ ಫೀಸಿಗೆ ಹೋಗಿರತ್ತೆ, ಹಿಡ್ಕೊಳಕ್ಕೆ ದುಡ್ಡೆಲ್ಲಿ, ಹಂಗಾಗಿ ನಮ್ಮ ಅಕೌಂಟಿಗೆ ಬಿಲ್ ಹಾಕ್ತಾರೆ. ನನ್ನ ಲೆಕ್ಕ: 71,300ರಲ್ಲಿ 58,500 ಕಳೆದ್ರೆ 12,800, ಒಂದು ಸೆಮಿಸ್ಟರಿಗೆ 6,400, ಅದ್ರ 14 ಪರ್ಸೆಂಟ್ 896 ಡಾಲರ್. ಹೋಗಿ ಎರಡು ತಿಂಗಳಾಗಿರ್ಲಿಲ್ಲ, 72 ಸಾವಿರ ರೂಪಾಯಿ ಬಿಲ್ಲು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋದೆ, ಅಲ್ಲಿದ್ದ ಮೇಡಂ ಕೂರ್ಸಿ ವಿವರ್ಸಿದ್ರು, ಕಂತಲ್ಲಿ ಕಟ್ಟೋ ಹಂಗೆ ಮಾಡಿಕೊಟ್ರು. ನಂಗೆ ಲೈಬ್ರರಿಲಿ ಕೆಲಸ ಸಿಕ್ಕಿತ್ತು, ಓಹಾಯೋಲಿ ಆಗ ಕನಿಷ್ಠ ಕೂಲಿ ಗಂಟೆಗೆ 9 ಡಾಲರ್ 30 ಸೆಂಟ್, ಆ ಸೆಮಿಸ್ಟರ್ ದುಡಿದಿದ್ದೆಲ್ಲ ಅದಕ್ಕೇ ಹೋಯ್ತು.

ಆದ್ರೆ ಭಾರತದೋರಿಗೆ ಒಂದು ಅನುಕೂಲ ಇದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳು ಅಲ್ಲಿನೋರ ಥರನೇ ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಲೆಕ್ಕ ಹಾಕೋ ಮುಂಚೆ ಆದಾಯದಲ್ಲಿ ಕಳೆಯೋ ಮೊತ್ತ) ತಗೋಬಹುದು, ಬೇರೆ ದೇಶದ ಬಹುತೇಕ ವಿದ್ಯಾರ್ಥಿಗಳಿಗೆ ಇದಿಲ್ಲ. 2022ಕ್ಕೆ ಅದು 12,950 ಡಾಲರ್. ಆ ವರ್ಷ ನಂಗೆ ಲೆಕ್ಕಕ್ಕೆ ಬರೋ ಗ್ರಾಂಟು, ಸಂಬಳ ಎಲ್ಲ ಸೇರಿದ್ರೂ ಅಷ್ಟಾಗಲ್ಲ, ಅಂದ್ರೆ ಟ್ಯಾಕ್ಸೇ ಇಲ್ಲ. ಎಷ್ಟು ಟ್ಯಾಕ್ಸ್ ಹಿಡಿದ್ವಿ ಅಂತ ತೋರ್ಸೋ 1042-ಎಸ್ ಫಾರಂ ಕಾಲೇಜಿಂದ ಬಂತು, ಅದನ್ನಿಟ್ಕೊಂಡು ಏಪ್ರಿಲ್ ಒಳಗೆ 1040-ಎನ್ಆರ್ ಅನ್ನೋ ಟ್ಯಾಕ್ಸ್ ರಿಟರ್ನ್ ಹಾಕಿದೆ, ಜೊತೆಗೆ 8843 ಫಾರಂ, 896 ಡಾಲರೂ ಪೂರ್ತಿ ವಾಪಸ್ ಬಂತು. ಮುಂದಿನ ವರ್ಷದಿಂದ ಎರಡೂ ಸೆಮಿಸ್ಟರ್ ಸೇರೋದ್ರಿಂದ ಸ್ವಲ್ಪ ಟ್ಯಾಕ್ಸ್ ಬೀಳತ್ತೆ, ಆದ್ರೂ ಹಿಡಿದಿದ್ರಲ್ಲಿ ಬಹುಪಾಲು ವಾಪಸ್. ಇದನ್ನ ಕ್ಲೇಮ್ ಮಾಡದೆ ಬಿಟ್ಟ ನಮ್ಮ ದೇಶದ ಸೀನಿಯರ್ಸೇ ಇದ್ರು, ಅವ್ರಿಗೆ ಹಳೇ ವರ್ಷದ್ದನ್ನೂ ಹಾಕಕ್ಕೆ ಹೇಳಿ ಹಾಕ್ಸಿದ್ವಿ.

ಏಡ್ ಒಂದ್ಸಲ ಕೊಟ್ರೆ ಮುಗೀತು ಅಂತಲ್ಲ, ನಮ್ಮ ಕಾಲೇಜಲ್ಲಿ ಪ್ರತಿ ವರ್ಷ ಮನೆ ಲೆಕ್ಕ ಮತ್ತೆ ಕೊಡ್ಬೇಕು. ಅಷ್ಟ್ರಲ್ಲಿ ಮಲೆನಾಡಲ್ಲಿ ಎಲೆಚುಕ್ಕೆ ರೋಗ ಹಬ್ಬಿತ್ತು. ಹೊಸನಗರ, ತೀರ್ಥಹಳ್ಳಿ ಕಡೆ ಮೊದ್ಲು ಜೋರಾಗಿದ್ದು ನಮ್ಮ ಕಡೆಗೂ ಬಂತು, ಸೋಗೆ ಮೇಲೆ ಚುಕ್ಕೆ ಬಿದ್ದು ಒಣಗ್ತಾ ಹೋಗತ್ತೆ, ಮರ ಸೊರಗತ್ತೆ, ಫಸಲು ಇಳಿಯತ್ತೆ. ಅಪ್ಪಯ್ಯ ಫೋನಲ್ಲಿ ಇದನ್ನ ಹೇಳ್ತಾನೇ ಇರ್ಲಿಲ್ಲ, ವಿಡಿಯೋ ಕಾಲಲ್ಲಿ ಹಿಂದೆ ಕಾಣ್ತಿದ್ದ ತೋಟ ನೋಡಿ ನಾನೇ ಕೇಳಿದ್ದು. ಮತ್ತೊಂದು ಕಡೆ ನಾನು ಹೋಗೋವಾಗ 79, 80 ಇದ್ದ ಡಾಲರ್ 83ರ ಹತ್ರ ಬಂದಿತ್ತು. ಕಾಲೇಜು ಅದೇ 2,500 ಅಂದ್ರೂ ನಮ್ಮನೆಗೆ ಅದು ಜಾಸ್ತಿನೇ, ಇದು ಡಾಲರಲ್ಲಿ ಯೋಚ್ನೆ ಮಾಡೋ ಆಫೀಸಿಗೆ ತಾನಾಗೇ ಕಾಣಲ್ಲ, ನಾವೇ ಬರ್ದು ಹೇಳ್ಬೇಕು. ಅಪೀಲ್ ಅಂದ್ರೆ ಜಗಳ ಅಂತ ಹೆದರ್ಬೇಡಿ, ಪರಿಸ್ಥಿತಿ ಬದಲಾದ್ರೆ ತಿಳ್ಸಿ ಅಂತ ಅವ್ರೇ ಪತ್ರದಲ್ಲಿ ಬರ್ದಿರ್ತಾರೆ. ಎರಡು ವರ್ಷದ ಅಡಿಕೆ ಪಟ್ಟಿ ಪಕ್ಕಪಕ್ಕ ಇಟ್ಟು, ಕ್ವಿಂಟಾಲ್ ಎಷ್ಟಿಳೀತು ಅಂತ ತೋರ್ಸಿ, ತೋಟದ ಫೋಟೋ ಹಾಕಿ, ತೋಟಗಾರಿಕೆ ಇಲಾಖೆಯವ್ರು ನಮ್ಮ ಸರ್ವೆ ನಂಬರಲ್ಲಿ ಹಾನಿ ಬರ್ಕೊಂಡು ಹೋಗಿದ್ದ ಕಾಗದದ ಅನುವಾದ ಸೇರ್ಸಿ ಕಳಿಸಿದೆ. ಮನೆ ಪಾಲನ್ನ 2,500ರಿಂದ 1,200ಕ್ಕೆ ಇಳಿಸಿದ್ರು. ಆ ಮೇಲ್ ಬಂದಾಗ ನಂಗೆ ಸೀಟು ಸಿಕ್ಕಿದ್ದಕ್ಕಿಂತ ಜಾಸ್ತಿ ಸಂತೋಷ ಆಗಿತ್ತು. ಅಪ್ಪಯ್ಯ ಆ ವರ್ಷ ಔಷಧಿ ಹೊಡ್ಸಕ್ಕೆ ಸಾಲ ಮಾಡೋದು ತಪ್ಪಿತು.

ಏಡ್ ಲೆಕ್ಕಕ್ಕೆ ಸಿಗದ ಖರ್ಚುಗಳು ಇದಾವೆ, ಅವನ್ನೂ ತಿಳ್ಕೊಂಡೇ ಹೊರಡಿ. ಡಿಸೆಂಬರ್ ರಜೆಲಿ ಮೆಸ್ ಮುಚ್ಚತ್ತೆ, ಅಡುಗೆ ನಾವೇ ನೋಡ್ಕೋಬೇಕು. ಚಳಿ ಕೋಟು, ಬೂಟು ಕೊಳ್ಬೇಕು, ನಮ್ಮ ಕಾಲೇಜಲ್ಲಿ ಕೇಳಿದೋರಿಗೆ ಅದಕ್ಕೊಂದು ಸಣ್ಣ ಫಂಡ್ ಇತ್ತು, ಕೇಳದೇ ಇದ್ರೆ ಸಿಗಲ್ಲ. ಬೇಸಿಗೆ ರಜೆಲಿ ಕ್ಯಾಂಪಸ್ಸಲ್ಲೇ ಪ್ರೊಫೆಸರ್ ಹತ್ರ ರಿಸರ್ಚ್ ಕೆಲಸ ಹಿಡಿದ್ರೆ ರೂಮು ಸಿಗತ್ತೆ, ಟಿಕೆಟ್ ಖರ್ಚೂ ಉಳಿಯತ್ತೆ, ಅದಕ್ಕೇ ನಾನು ಮೊದಲ ಬೇಸಿಗೆ ಊರಿಗೆ ಬರ್ಲಿಲ್ಲ, ಅಜ್ಜಿಗೆ ಅದು ಬೇಜಾರಾಗಿತ್ತು. ಸೆಮಿಸ್ಟರ್ ನಡೀವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರಂಗಿಲ್ಲ, ಹೊರಗಡೆ ಸುಮ್ನೆ ಕೈಗೆ ಸಿಕ್ಕ ಕೆಲಸ ಮಾಡೋಹಂಗಿಲ್ಲ, ವೀಸಾಗೇ ತೊಂದ್ರೆ ಆಗತ್ತೆ.

ನಮ್ಮ ಕಡೆ ಈಗ ಸೆಕೆಂಡ್ ಪಿಯುಸಿಲಿರೋ ಕೆಲವು ಮಕ್ಕಳು ಫೋನ್ ಮಾಡ್ತಾರೆ, ಅವ್ರಿಗೆಲ್ಲ ಹೇಳೋದು ಇಷ್ಟು. ಮನೆಲಿ ಅಪ್ಪ ಅಮ್ಮನ ಹತ್ರ ಕೂತು ಎರಡು ವರ್ಷದ ಪಟ್ಟಿ, ಪಾಸ್‌ಬುಕ್ಕು, ಸಾಲದ ಕಾಗದ ಈಗ್ಲೇ ಒಟ್ಟು ಮಾಡಿ, ಅಡಿಕೆನೇ ಆಗ್ಬೇಕಂತಿಲ್ಲ, ಕೊಬ್ಬರಿ, ಭತ್ತ, ಅಂಗಡಿ, ಹೊಲಿಗೆ ಏನೇ ಇರ್ಲಿ, ರಸೀದಿ ಇಲ್ದಿದ್ರೆ ಇವತ್ತಿಂದ ಒಂದು ಪುಸ್ತಕದಲ್ಲಿ ಬರೀತಾ ಹೋಗ್ಲಿ. ಆಮೇಲೆ ಒಂದೊಂದು ಕಾಲೇಜಿನ ಏಡ್ ಪೇಜ್ ತೆಗೆದು ಹೊರದೇಶದೋರಿಗೆ ಅಂತ ಇರೋ ನಿಯಮ ಪೂರ್ತಿ ಓದಿ, ಸೀಟಿನ ಡೆಡ್‌ಲೈನ್ ಬೇರೆ, ಏಡಿನ ಡೆಡ್‌ಲೈನ್ ಬೇರೆ ಇರ್ಬಹುದು. ಏಡ್ ಬೇಕು ಅಂತ ಅಪ್ಲಿಕೇಷನ್ನಲ್ಲೇ ಹೇಳಿ. ಕೇಳಿದ್ರೆ ಸೀಟು ಸಿಗದೇ ಹೋದೀತು ಅಂತ ಬೇಡ ಅಂತ ಟಿಕ್ ಹಾಕಿ, ಒಳಗೆ ಹೋದ್ಮೇಲೆ ಕೇಳೋಣ ಅಂದ್ಕೊಳೋರಿದಾರೆ, ಆದ್ರೆ ಬಹಳ ಕಾಲೇಜುಗಳಲ್ಲಿ ಹೊರದೇಶದೋರು ಸೇರೋವಾಗ ಕೇಳಿಲ್ಲ ಅಂದ್ರೆ ನಾಲ್ಕೂ ವರ್ಷ ಕೊಡಲ್ಲ.